ಹುಟ್ಟು: ಒಲೆಯಿಂದ ಹೊಳೆಗೆ

ಹುಟ್ಟು ಎಂದೊಡನೆ ಕನ್ನಡಿಗರ ಮನಸ್ಸು ಮೊದಲು ಹೋಗುವುದು ಜನನದ ಕಡೆಗೆ. ಹುಟ್ಟುಹಬ್ಬ, ಹುಟ್ಟೂರು, ಹುಟ್ಟುಗುಣ, ಹುಟ್ಟು–ಸಾವು ಎಲ್ಲವೂ ದಿನಬಳಕೆಯ ಮಾತುಗಳೇ. ಮಲೆನಾಡಿನವರಿಗೆ ಜೇನುಹುಟ್ಟೂ ನೆನಪಾದೀತು. ದೋಣಿ ನಡೆಸುವ ಮರದ ಸಾಧನಕ್ಕೂ ಹುಟ್ಟು ಎಂದೇ ಹೆಸರು ಎಂಬ ತಿಳಿವಳಿಕೆ ಮಾತ್ರ ಹೊಳೆದಂಡೆಯವರಲ್ಲಿ, ವಚನ–ಕೀರ್ತನೆಗಳನ್ನು ಬಲ್ಲವರಲ್ಲಿ ಉಳಿದು, ಉಳಿದವರಿಂದ ಮೆಲ್ಲಗೆ ಜಾರುತ್ತಿದೆ. ದಾಂಡೇಲಿಗೋ ಹೊನ್ನೆಮರಡಿಗೋ ಹೋಗಿ ಕಯಾಕ್ ನಡೆಸಿ ಬಂದ ತರುಣರನ್ನು ಕೇಳಿ ನೋಡಿ: "ಇಡೀ ಬೆಳಿಗ್ಗೆ ಪ್ಯಾಡಲ್ ಮಾಡಿದೆವು" ಎನ್ನುತ್ತಾರೆ. ಕಯಾಕ್ ನಮಗೆ ಹೊಸದು. ಅದರ ಹೆಸರು ಅದರ ಜೊತೆಗೇ ಬಂದದ್ದು ಸರಿ. ಆದರೆ ಕೈಯಲ್ಲಿ ಹಿಡಿದ ಆ ಸಾಧನ ನಮಗೆ ಹೊಸದಲ್ಲ. ಅದಕ್ಕೆ ಕನ್ನಡದಲ್ಲಿ ಇರುವ ಪದ ಎಷ್ಟು ಹಳೆಯದು, ಎಲ್ಲಿಂದ ಹೊರಟು ಎಲ್ಲೆಲ್ಲಿ ಹಾದು ಬಂದಿದೆ ಎಂಬುದನ್ನು ನೋಡಿದರೆ, ಅದನ್ನು ಕೈಬಿಡುವುದು ಎಂಥ ನಷ್ಟವೆಂದು ತಿಳಿಯುತ್ತದೆ.

ಪದದ ರೂಪದಿಂದಲೇ ತೊಡಗೋಣ. ಇದರ ಹಳಗನ್ನಡ ರೂಪ ಪುಟ್ಟು. ಸುಮಾರು ಹತ್ತನೆಯ ಶತಮಾನದಿಂದ ಕನ್ನಡದ ಪದಗಳ ಮೊದಲಲ್ಲಿದ್ದ ಪಕಾರ ಹಕಾರವಾಗತೊಡಗಿತು. ಶಾಸನಗಳಲ್ಲಿ ಮೊದಲು ಅಲ್ಲೊಂದು ಇಲ್ಲೊಂದು ಕಾಣಿಸಿಕೊಂಡ ಈ ಬದಲಾವಣೆ ಮುಂದಿನ ಕೆಲವು ಶತಮಾನಗಳಲ್ಲಿ ಭಾಷೆಯನ್ನೆಲ್ಲ ವ್ಯಾಪಿಸಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪಗಲು ಹಗಲಾಯಿತು. ಪುಟ್ಟು ಹುಟ್ಟಾದದ್ದೂ ಹಾಗೆಯೇ. ಅದು ಇಳಿಯುವ ನೀರಿನ ಹೆಸರೂ ಇದೇ ದಾರಿಯಲ್ಲಿ ಬಂದದ್ದು: ಹಿಂದಿನ ಪೊೞೆಯೇ ಇಂದಿನ ಹೊಳೆ. ಮಲಯಾಳದಲ್ಲಿ ಈ ಪಕಾರ ಅಲುಗದೆ ಉಳಿದಿದೆ. ಆಲಪ್ಪುಳ ಎಂಬ ಊರ ಹೆಸರಿನ ಕೊನೆಯಲ್ಲಿರುವ ಪುಳ ನಮ್ಮ ಹೊಳೆಯ ಒಡಹುಟ್ಟು. 2013ರಿಂದ ಕೋಳಿಕ್ಕೋಡು ಜಿಲ್ಲೆಯಲ್ಲಿ ಮಳೆಗಾಲದ ಕಯಾಕಿಂಗ್ ಹಬ್ಬ ನಡೆಯುತ್ತಿರುವ ಚಾಲಿಪ್ಪುಳದ ಹೆಸರಿನಲ್ಲೂ ಇರುವುದು ಅದೇ ಪದ.

ಜನನದ ಹುಟ್ಟು, ದೋಣಿಯ ಹುಟ್ಟು ಎರಡೂ ಒಂದೇ ಪದವೇ ಎಂಬ ಪ್ರಶ್ನೆ ಸಹಜ. ನಿಘಂಟುಗಳು ಇವನ್ನು ಬೇರೆ ಬೇರೆ ಪದಗಳೆಂದೇ ನಮೂದಿಸುತ್ತವೆ. ಉಚ್ಚಾರಣೆ ಒಂದೇ, ಬೇರು ಬೇರೆ. ಹುಟ್ಟುವುದು ಎಂಬ ಕ್ರಿಯೆಯ ಬಂಧುಗಳು ತೆಲುಗು, ತುಳುಗಳಲ್ಲಿ ಇಂದಿಗೂ ಪಕಾರದೊಡನೆ ಬಳಕೆಯಲ್ಲಿವೆ. ದೋಣಿಯ ಹುಟ್ಟಿನ ನಂಟು ಇರುವುದು ಬೇರೊಂದು ಕಡೆ, ಅಡುಗೆಮನೆಯಲ್ಲಿ. ಮರದ ಸೌಟಿಗೂ ಹುಟ್ಟು ಎಂದೇ ಹೆಸರು. ಉದ್ದನೆಯ ಹಿಡಿ, ತುದಿಯಲ್ಲಿ ಅಗಲವಾದ ಅಥವಾ ತುಸು ಕುಳಿಯಾದ ಭಾಗ; ಕುದಿಯುವುದನ್ನು ತಿರುವಲು, ಬೆಂದದ್ದನ್ನು ಬಡಿಸಲು ಬಳಸುವ ಸಾಧನ. ಲೋಹದ ಸೌಟು ಮನೆಮನೆಗೆ ಬಂದ ಮೇಲೆ ಮರದ ಹುಟ್ಟು ಮೂಲೆಗೆ ಸರಿಯಿತು, ಅದರ ಹೆಸರೂ ಹಳಬರ ಬಾಯಲ್ಲಷ್ಟೇ ಉಳಿಯಿತು.

ಸೌಟಿಗೂ ದೋಣಿಯ ಸಾಧನಕ್ಕೂ ಒಂದೇ ಹೆಸರಾದದ್ದು ಕನ್ನಡದ ಒಂಟಿ ವಿಚಿತ್ರವಲ್ಲ. ತಮಿಳಿನಲ್ಲಿ ತುಡುಪ್ಪು ಎಂದರೆ ಅನ್ನ ತಿರುವುವ ಸೌಟು, ದೋಣಿಯ ಹುಟ್ಟು ಎರಡೂ ಹೌದು. ತೆಲುಗಿನ ತೆಡ್ಡು ಸಹ ಈ ಎರಡೂ ಕೆಲಸಕ್ಕೆ ಸಲ್ಲುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪುಟ್ಟು, ತುಡುಪ್ಪು, ತೆಡ್ಡು ರೂಪದಲ್ಲಿ ಒಂದನ್ನೊಂದು ಹೋಲುವ ಪದಗಳಲ್ಲ. ಕನ್ನಡವು ತಮಿಳಿನಿಂದಲೋ ತೆಲುಗಿನಿಂದಲೋ ಹೆಸರನ್ನು ಎರವಲು ತಂದಿದ್ದರೆ ಪದವೂ ಹೋಲಬೇಕಿತ್ತು. ಪದ ಬೇರೆಯಾಗಿದ್ದೂ ಅರ್ಥದ ಜೋಡಿ ಒಂದೇ ಆಗಿದೆಯೆಂದರೆ, ದಕ್ಷಿಣದ ಜನ ಅಲ್ಲಲ್ಲಿ ತಮ್ಮ ಪಾಡಿಗೆ ತಾವು ಇವೆರಡನ್ನೂ ಒಂದೇ ಎಂದು ಕಂಡಿದ್ದಾರೆ. ಕೆಲಸವೂ ಒಂದೇ ತಾನೆ? ದ್ರವದೊಳಗೆ ಅಲಗನ್ನು ಇಳಿಸಬೇಕು, ಅದರ ಮುಖದಿಂದ ದ್ರವವನ್ನು ಒತ್ತಬೇಕು ಇಲ್ಲವೇ ಎಳೆಯಬೇಕು, ಮೇಲೆತ್ತಿ ಮತ್ತೆ ಇಳಿಸಬೇಕು. ಒಲೆಯ ಮೇಲೆ ಪಾತ್ರೆ ನಿಂತಿರುತ್ತದೆ, ಒಳಗಿನದು ತಿರುಗುತ್ತದೆ. ಹೊಳೆಯಲ್ಲಿ ನೀರಿನ ಮೇಲೆ ಕೂತವನೇ ಮುಂದೆ ಸಾಗುತ್ತಾನೆ. ಎರಡು ಅರ್ಥಗಳಲ್ಲಿ ಅಡುಗೆಯದೇ ಮೊದಲಿನದು ಎಂದು ನನಗೆ ತೋರುತ್ತದೆ. ಸೌಟು ಎಲ್ಲರ ಮನೆಯಲ್ಲಿತ್ತು. ದೋಣಿ ಇದ್ದದ್ದು ಹೊಳೆಯ ಪಕ್ಕದವರಲ್ಲಿ ಮಾತ್ರ. ಎಲ್ಲರಿಗೂ ಗೊತ್ತಿರುವ ವಸ್ತುವಿನ ಹೆಸರು ಕೆಲವರ ಕಸುಬಿನ ವಸ್ತುವಿಗೆ ಹೋಗುವುದು ಭಾಷೆಯಲ್ಲಿ ಸಾಮಾನ್ಯ.

ಈ ಊಹೆಗೆ ನೀರಿನ ಮೇಲಿನ ಇತರ ಪದಗಳೂ ಬಲ ಕೊಡುತ್ತವೆ. ದೋಣಿ ಎಂಬ ಪದ ಸಂಸ್ಕೃತದ ದ್ರೋಣಿಯಿಂದ ಬಂದದ್ದು. ಅದಕ್ಕೆ ಮರದ ತೊಟ್ಟಿ ಎಂಬ ಅರ್ಥವಿದೆ. ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ ತೊಟ್ಟಿ ನೀರು ತುಂಬಿಡಲು ಆಗುವಂತೆ ನೀರಿನ ಮೇಲೆ ತೇಲಲೂ ಆಗುತ್ತದೆ. ಕೃಷ್ಣೆಯ ದಂಡೆಯ ತೆಲುಗರು ಗುಂಡಗಿನ ಬಿದಿರ ದೋಣಿಯನ್ನು ಪುಟ್ಟಿ ಎನ್ನುತ್ತಾರೆ. ಅದು ನಮ್ಮ ಬುಟ್ಟಿಯ ಬಂಧು. ತೊಟ್ಟಿ, ಬುಟ್ಟಿ, ಸೌಟು: ಹೊಳೆ ದಾಟಲು ಬೇಕಾದ ಮುಖ್ಯ ಸಲಕರಣೆಗಳಿಗೆಲ್ಲ ಜನ ಮನೆಯೊಳಗಿನ ಹೆಸರುಗಳನ್ನೇ ಕೊಟ್ಟಿದ್ದಾರೆ. ಹೊಳೆ ಅವರಿಗೆ ಹೊರಗಿನದಾಗಿರಲಿಲ್ಲ, ಮನೆಯ ಅಂಗಳದ ಮುಂದುವರಿಕೆಯಾಗಿತ್ತು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಂಸ್ಕೃತ ಹಿಡಿದ ದಾರಿ ಬೇರೆ. ಋಗ್ವೇದದಲ್ಲಿ ಹುಟ್ಟಿಗೆ ಅರಿತ್ರ ಎಂಬ ಹೆಸರಿದೆ. ಅಶ್ವಿನೀದೇವತೆಗಳು ಕಡಲಲ್ಲಿ ಸಿಕ್ಕಿಕೊಂಡ ಭುಜ್ಯುವನ್ನು ನೂರು ಅರಿತ್ರಗಳ ನಾವೆಯಲ್ಲಿ ಕರೆತಂದ ಕಥೆ ಅಲ್ಲಿ ಬರುತ್ತದೆ. ಅಮರಕೋಶದಲ್ಲಿ ಹುಟ್ಟಿಗೆ ನೌಕಾದಂಡ, ಕ್ಷೇಪಣಿ ಎಂಬ ಹೆಸರುಗಳಿವೆ. ಮೊದಲನೆಯದು ನಾವೆಯ ಕೋಲು, ಎರಡನೆಯದು ನೀರನ್ನು ಹಿಂದಕ್ಕೆ ಎಸೆಯುವಂಥದು. ಅರಿತ್ರ ಅಲ್ಲಿ ಚುಕ್ಕಾಣಿಯ ಹೆಸರಿನ ಸಾಲಿಗೆ ಸರಿದಿದೆ. ಚುಕ್ಕಾಣಿ ಎಂಬ ನಮ್ಮ ಪದವಾದರೋ ಅರಬ್ಬೀ ನಾವಿಕರ ಸುಕ್ಕಾನ್‌ನಿಂದ ಬಂದದ್ದು. ಕಡಲಿನ ದೊಡ್ಡ ಹಡಗುಗಳ ಪದಗಳು ಹೀಗೆ ದೂರದಿಂದ ಬಂದವು. ಹೊಳೆಯ ಸಣ್ಣ ದೋಣಿಯ ಹುಟ್ಟು ಮಾತ್ರ ಇಲ್ಲಿಯದೇ ಆಗಿ ಉಳಿಯಿತು. ಒಳನಾಡಿನ ಹೊಳೆಗಳಲ್ಲಿ ಚುಕ್ಕಾಣಿಯ ಅಗತ್ಯವೂ ಹೆಚ್ಚಿರಲಿಲ್ಲ. ಮುಂದಕ್ಕೆ ಒಯ್ಯುವುದು, ದಿಕ್ಕು ತಿರುಗಿಸುವುದು, ಬಂಡೆಗೆ ತಾಗದಂತೆ ತಡೆಯುವುದು ಎಲ್ಲವನ್ನೂ ಹುಟ್ಟೇ ಮಾಡುತ್ತಿತ್ತು.

ಇದು ಚೆನ್ನಾಗಿ ಕಾಣುವುದು ಹರಿಗೋಲಿನಲ್ಲಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಗೆ ಜನ ದಾಟುತ್ತಿದ್ದ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಅವು ಬುಟ್ಟಿಯಂತೆ ದುಂಡಗಿದ್ದವು. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರು. ಬೇಕಾದರೆ ಕುದುರೆ, ಎತ್ತುಗಳೂ ಏರಬಹುದಿತ್ತು. ನೇರವಾಗಿ ಸಾಗದೆ ತಿರುಗುತ್ತ ತಿರುಗುತ್ತ ಹೋಗುತ್ತವೆ ಎಂಬುದನ್ನೂ ಆತ ಗುರುತಿಸಿದ್ದಾನೆ. ದುಂಡು ದೋಣಿಗೆ ಮೂತಿಯಿಲ್ಲ, ಬಾಲವಿಲ್ಲ. ಪಕ್ಕದಲ್ಲಿ ಕೂತು ಹುಟ್ಟು ಹಾಕಿದರೆ ಅದು ಬುಗುರಿಯಾಗುತ್ತದೆ. ಆದ್ದರಿಂದ ಅಂಬಿಗ ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ, ಹುಟ್ಟನ್ನು ತನ್ನ ಮುಂದೆಯೇ ನೀರಿಗಿಳಿಸಿ, ಎಡಕ್ಕೂ ಬಲಕ್ಕೂ ಸರಿಸುತ್ತ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಎಳೆದ ನೀರು ಹಿಂದೆ ಸರಿದಂತೆ ಹರಿಗೋಲು ಮುಂದೆ ಸರಿಯುತ್ತದೆ. ಸೌಟಿನಿಂದ ತಿರುವುವ ಕೈಯ ಚಲನೆಗೆ ಇದು ತೀರ ಹತ್ತಿರ. ಚರ್ಮದ ಜಾಗದಲ್ಲಿ ಇಂದು ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ, ಕೆಲವು ಕಡೆ ಇಡೀ ಹರಿಗೋಲೇ ಫೈಬರಿನದು. ಹುಟ್ಟು ಹಾಕುವ ಕ್ರಮ ಮಾತ್ರ ಬದಲಾಗಿಲ್ಲ.

ದೋಣಿ ನಡೆಸುವವನ ಹೆಸರು ಅಂಬಿಗ. ಅಂಬಿ ಎಂದರೆ ಹಳಗನ್ನಡದಲ್ಲಿ ದೋಣಿ. ಆ ಹೆಸರನ್ನೇ ಅಂಕಿತವಾಗಿಸಿಕೊಂಡು ವಚನ ರಚಿಸಿದವನು ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಚೌಡಯ್ಯದಾನಪುರ ಅವನ ನೆನಪನ್ನು ಹೊತ್ತ ಊರು. ಕಸುಬಿನ ಹೆಸರು ಹಿಡಿದು ಹಳಿಯುವವರಿಗೆ ಅವನು ಕೊಟ್ಟ ಉತ್ತರವಾದ ಪ್ರಸಿದ್ಧ ವಚನದಲ್ಲಿ, ನಂಬಿ ಬಂದವರನ್ನು ಒಂದೇ ಹುಟ್ಟಿನಲ್ಲಿ ಆಚೆ ದಡ ಮುಟ್ಟಿಸುವೆನೆಂಬ ಮಾತು ಬರುತ್ತದೆ. ಈ ಹುಟ್ಟು ಯಾವುದು? ಅಂಬಿಗನ ಬಾಯಿಂದ ಬಂದದ್ದರಿಂದ ಅದು ಮರದ ಹುಟ್ಟು, ಒಂದೇ ಎಳೆತದಲ್ಲಿ ದಾಟಿಸುವ ಕೈಚಳಕ. ಶರಣನ ಬಾಯಿಂದ ಬಂದದ್ದರಿಂದ ಅದು ಜನ್ಮವೂ ಹೌದು: ಮತ್ತೆ ಮತ್ತೆ ಹುಟ್ಟಬೇಕಾಗಿಲ್ಲ, ಈ ಒಂದು ಹುಟ್ಟಿನಲ್ಲೇ ಭವವನ್ನು ದಾಟಿಸುತ್ತೇನೆ. ನಿಘಂಟಿನಲ್ಲಿ ಬೇರೆ ಬೇರೆ ಸಾಲುಗಳಲ್ಲಿ ಕೂತ ಎರಡು ಪದಗಳನ್ನು ಚೌಡಯ್ಯ ಒಂದೇ ಮಾತಿನಲ್ಲಿ ಕೂಡಿಸಿದ. ಕನ್ನಡವನ್ನು ಬಿಟ್ಟು ಬೇರೆ ಭಾಷೆಯಲ್ಲಿ ಈ ಮಾತು ಎರಡಾಗಿ ಒಡೆದುಹೋಗುತ್ತದೆ.

ಹದಿನಾರನೆಯ ಶತಮಾನದ ಪುರಂದರದಾಸರು ಅಂಬಿಗನನ್ನು ಕರೆದು ಹಾಡಿದ ಕೀರ್ತನೆ ಇಂದಿಗೂ ಮನೆಮನೆಯಲ್ಲಿ ಕೇಳಿಬರುತ್ತದೆ. ಅಲ್ಲಿ ದೇಹವೇ ಹರಿಗೋಲು, ಅದಕ್ಕೆ ಒಂಬತ್ತು ತೂತುಗಳು. ಹೊಳೆಯ ಭರ, ಸೆಳವು, ಸುಳಿ ಎಲ್ಲವೂ ಬರುತ್ತವೆ. ಕೊನೆಗೆ ಅವರು ಸತ್ಯವನ್ನು ಹುಟ್ಟಾಗಿಸಿ, ಭಕ್ತಿಯನ್ನು ದಾರಿಯಾಗಿಸಿ ದಡ ಸೇರಿಸೆಂದು ಬೇಡುತ್ತಾರೆ. ಸತ್ಯಕ್ಕೆ ಹುಟ್ಟಿನ ಸ್ಥಾನ ಸಿಕ್ಕದ್ದು ಸುಮ್ಮನೆ ಅಲ್ಲ. ಹರಿಗೋಲು ನೀರಿನ ಇಷ್ಟದಂತೆ ತಿರುಗುವ ವಸ್ತು. ದಾಟುವವನ ಸಂಕಲ್ಪವನ್ನು ನೀರಿಗೆ ಮುಟ್ಟಿಸುವ ಸಾಧನ ಹುಟ್ಟೊಂದೇ. ತುಂಗಭದ್ರೆಯ ದಂಡೆಯ ಹಂಪೆಯಲ್ಲಿ ಬಾಳಿದವರಿಗೆ ಇದು ಪುಸ್ತಕದಿಂದ ತಿಳಿಯಬೇಕಾದ ವಿಷಯವಾಗಿರಲಿಲ್ಲ.

ಹುಟ್ಟಿಗೆ ಒಗ್ಗುವ ಕ್ರಿಯಾಪದ ಹಾಕು. ಹುಟ್ಟು ಹಾಕು ಎಂದರೆ ದೋಣಿ ನಡೆಸು. ಇದೇ ಮಾತನ್ನು ಕೂಡಿಸಿ ಹುಟ್ಟುಹಾಕು ಎಂದರೆ ಸ್ಥಾಪಿಸು, ಆರಂಭಿಸು. ಸಂಘ, ಪತ್ರಿಕೆ, ಶಾಲೆಗಳನ್ನು ನಾವು ಹುಟ್ಟುಹಾಕುತ್ತೇವೆ. ಅಲ್ಲಿರುವುದು ಜನನದ ಹುಟ್ಟು ಎಂಬುದು ಸ್ಪಷ್ಟ. ಆದರೂ ಬಿಡಿಸಿ ಬರೆದರೆ ಹೊಳೆ, ಕೂಡಿಸಿ ಬರೆದರೆ ಸಂಸ್ಥೆ ಎಂಬಷ್ಟು ಹತ್ತಿರ ಇವೆರಡೂ ನಿಂತಿವೆ. ಆಳ ಕಡಿಮೆಯಿರುವಲ್ಲಿ ಹುಟ್ಟಿನ ಬದಲು ಉದ್ದ ಬಿದಿರ ಗಳವನ್ನು ನೆಲಕ್ಕೆ ಊರಿ ದೋಣಿ ತಳ್ಳುತ್ತಾರೆ. ಕರಾವಳಿಯಲ್ಲಿ ಅದಕ್ಕೆ ಜಲ್ಲೆ ಎಂಬ ಹೆಸರಿದೆ. ಜಲ್ಲೆ ನೆಲವನ್ನು ನಂಬುತ್ತದೆ, ಹುಟ್ಟು ನೀರನ್ನು ನಂಬುತ್ತದೆ.

ಇಷ್ಟು ಬಳಕೆಯಲ್ಲಿದ್ದ ಪದ ಹಿಂದೆ ಸರಿದದ್ದು ಹೊಳೆ ದಾಟುವ ರೀತಿಯೇ ಬದಲಾದದ್ದರಿಂದ. ಕಡವುಗಳಿದ್ದಲ್ಲಿ ಸೇತುವೆಗಳು ಬಂದವು. ತುಂಗಭದ್ರಾ ಅಣೆಕಟ್ಟು 1953ರಲ್ಲಿ, ಲಿಂಗನಮಕ್ಕಿ 1964ರಲ್ಲಿ ನೀರು ತಡೆದು ನಿಲ್ಲಿಸಿದವು. ಹರಿಯುವ ಹೊಳೆ ಅಲ್ಲಿ ಹಿನ್ನೀರಾಯಿತು, ದೋಣಿಗೆ ಯಂತ್ರ ಬಂತು. ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿಗೆ ಜನರನ್ನು ದಾಟಿಸುತ್ತಿದ್ದ ಲಾಂಚಿನ ಜಾಗದಲ್ಲಿ 2025ರ ಜುಲೈನಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ದ್ವೀಪದಂತಾಗಿದ್ದ ಊರುಗಳ ರೋಗಿಗೆ, ವಿದ್ಯಾರ್ಥಿಗೆ ಸೇತುವೆ ದೊಡ್ಡ ವರ. ಅದನ್ನು ಯಾರೂ ಬೇಡವೆನ್ನಲಾರರು. ಆದರೆ ಕೆಲಸ ಹೋದಾಗ ಅದರ ಮಾತೂ ಹೋಗುತ್ತದೆ. ರಾಯಚೂರಿನ ಕೃಷ್ಣಾ ನಡುಗಡ್ಡೆಗಳಂಥ ಕೆಲವು ಕಡೆ, ಪ್ರವಾಸಿಗರು ಬರುವ ಹಂಪೆ, ತಲಕಾಡುಗಳಲ್ಲಿ, ಮೀನು ಹಿಡಿಯುವವರಲ್ಲಿ ಹುಟ್ಟು ಕೈಯಲ್ಲೂ ಬಾಯಲ್ಲೂ ಉಳಿದಿದೆ. ರಂಗನತಿಟ್ಟಿನಲ್ಲಿ ಹಕ್ಕಿ ತೋರಿಸಲು ದೋಣಿ ನಡೆಸುವವರು ಎರಡು ಕೈಗಳಲ್ಲಿ ಎಳೆಯುವುದೂ ಹುಟ್ಟನ್ನೇ.

ಇಂಥ ಹೊತ್ತಿನಲ್ಲಿ ನಮ್ಮ ಹೊಳೆಗಳಿಗೆ ಕಯಾಕ್ ಬಂತು. ಅದು ಉತ್ತರ ಧ್ರುವದ ಸುತ್ತಲ ಹಿಮಪ್ರದೇಶದ ಇನೂಯಿಟ್ ಜನರ ಬೇಟೆದೋಣಿ. ಮರ ಬೆಳೆಯದ ನಾಡಿನಲ್ಲಿ ಕಡಲು ತಂದು ಹಾಕಿದ ಮರದ ತುಂಡು, ಎಲುಬುಗಳಿಂದ ಚೌಕಟ್ಟು ಕಟ್ಟಿ, ಸೀಲ್ ಪ್ರಾಣಿಯ ಚರ್ಮ ಹೊದಿಸಿ ಅದನ್ನು ಮಾಡುತ್ತಿದ್ದರು. ಹೆಣೆದ ಒಡಲಿಗೆ ಚರ್ಮ ಹೊದಿಸುವ ಕ್ರಮದಲ್ಲಿ ಅದು ಪಾಯೆಸ್ ಕಂಡ ಹರಿಗೋಲಿನ ದೂರದ ನಂಟ. 1865ರಲ್ಲಿ ಜಾನ್ ಮ್ಯಾಕ್‌ಗ್ರೆಗರ್ ಎಂಬವನು ರಾಬ್ ರಾಯ್ ಎಂಬ ಪುಟ್ಟ ದೋಣಿಯಲ್ಲಿ ಎರಡು ಅಲಗಿನ ಹುಟ್ಟು ಹಿಡಿದು ಯುರೋಪಿನ ನದಿಗಳಲ್ಲಿ ಸುತ್ತಾಡಿ, ಮರುವರ್ಷ ಪುಸ್ತಕ ಬರೆದ. ಸಂತೋಷಕ್ಕಾಗಿ ಹುಟ್ಟು ಹಾಕುವ ಹವ್ಯಾಸಕ್ಕೆ ಅದು ದೊಡ್ಡ ಪ್ರೇರಣೆಯಾಯಿತು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಆ ಹವ್ಯಾಸ ಸ್ಪರ್ಧೆಯಾಯಿತು. ಕರ್ನಾಟಕದಲ್ಲಿ ಇಂದು ಕಾಳಿಯ ಗಣೇಶಗುಡಿ–ದಾಂಡೇಲಿ ಭಾಗದಲ್ಲಿ, ಹೊನ್ನೆಮರಡಿನ ಹಿನ್ನೀರಿನಲ್ಲಿ, ಸಾಲಿಗ್ರಾಮದ ಬಳಿ ಸೀತಾನದಿಯ ಕಾಂಡ್ಲಾ ಕಾಡಿನ ನಡುವೆ ಕಯಾಕ್‌ಗಳು ಓಡಾಡುತ್ತವೆ.

ಇಂಗ್ಲಿಷಿನಲ್ಲಿ ದೋಣಿಯ ಅಂಚಿಗೆ ಸಿಕ್ಕಿಸಿ, ಹಿಮ್ಮುಖ ಕೂತು ಎಳೆಯುವುದಕ್ಕೆ ಓರ್ ಎಂದೂ, ಯಾವುದಕ್ಕೂ ಸಿಕ್ಕಿಸದೆ ಮುಮ್ಮುಖ ಕೂತು ಕೈಯಲ್ಲೇ ನಡೆಸುವುದಕ್ಕೆ ಪ್ಯಾಡಲ್ ಎಂದೂ ಭೇದವಿದೆ. ಕನ್ನಡದ ಹುಟ್ಟು ಎರಡನ್ನೂ ಒಳಗೊಳ್ಳುತ್ತದೆ. ಭೇದ ಬೇಕೆನಿಸಿದಲ್ಲಿ ಕಟ್ಟುಹುಟ್ಟು, ಕೈಹುಟ್ಟು ಎಂದರಾಯಿತು. ಕಯಾಕಿನ ಹುಟ್ಟಿಗೆ ಎರಡು ತುದಿಗಳಲ್ಲೂ ಅಲಗು. ಹವ್ಯಾಸಿಗಳು ಬಳಸುವುದು ಸಾಮಾನ್ಯವಾಗಿ 210ರಿಂದ 240 ಸೆಂಟಿಮೀಟರ್ ಉದ್ದ. ಅದನ್ನು ಜೋಡಿ ಅಲಗಿನ ಹುಟ್ಟು ಎನ್ನಬಹುದು. ನಡುವಿನ ಕೋಲಿಗೆ ಕಾವು ಎನ್ನಬಹುದು. ಗುದ್ದಲಿ, ಕೊಡಲಿಗಳ ಹಿಡಿಗೆ ರೈತರು ಬಳಸುವ ಪದವದು. ನೀರನ್ನು ಎಳೆಯುವ ಕಡೆ ಒಳಮುಖ, ಬೆನ್ನಿನ ಕಡೆ ಹೊರಮುಖ. ಆ ಒಳಮುಖವನ್ನು ಕೈಯಲ್ಲಿ ಮುಟ್ಟಿ ನೋಡಿದವರಿಗೆ ಅದು ತುಸು ಕುಳಿಯಾಗಿರುವುದು ತಿಳಿಯುತ್ತದೆ. ನೀರು ಜಾರಿಹೋಗದಂತೆ ಹಿಡಿಯಲು ತಯಾರಕರು ಹಾಗೆ ಮಾಡುತ್ತಾರೆ. ಅಂದರೆ ಇಂದಿನ ಕಾರ್ಬನ್ ನಾರಿನ ಹುಟ್ಟು ಸಹ ರೂಪದಲ್ಲಿ ಸೌಟಿಗೆ ಹತ್ತಿರವೇ ಇದೆ. ಹಳೆಯ ಹೆಸರು ಹೊಸ ವಸ್ತುವಿಗೆ ಒತ್ತಾಯದಿಂದ ಅಂಟಿಸಿದ್ದಾಗುವುದಿಲ್ಲ, ಸಲ್ಲುವಲ್ಲೇ ಸಲ್ಲುತ್ತದೆ.

ಪದವೊಂದು ಉಳಿದರೆ ಅದರ ಸುತ್ತಲಿನ ತಿಳಿವಳಿಕೆಯೂ ಉಳಿಯುತ್ತದೆ ಎಂಬುದು ನನ್ನ ನಂಬಿಕೆ. ಸೆಳವು, ಸುಳಿ, ಮಡು, ಕಡವು, ನೆರೆ, ಅಳಿವೆ: ಇವು ಅಂಬಿಗರು ತಲೆಮಾರುಗಳಿಂದ ಹೊಳೆಯನ್ನು ಓದಿ ಇಟ್ಟ ಹೆಸರುಗಳು. ಕಾಳಿಯಂಥ ಹೊಳೆಯಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸೆಳವು ಏರುತ್ತದೆ, ನಿಲ್ಲಿಸಿದಾಗ ಬಂಡೆಗಳು ಮೇಲೇಳುತ್ತವೆ. ಕಾವೇರಿಯ ಮುತ್ತತ್ತಿ, ಮೇಕೆದಾಟುಗಳಲ್ಲಿ ಶಾಂತವಾಗಿ ಕಾಣುವ ನೀರಿನಡಿ ಮಡುವೂ ಸುಳಿಯೂ ಇವೆ. ಅಲ್ಲಿಯ ಅಂಬಿಗ "ಇದು ಮಡು, ಇಳಿಯಬೇಡಿ" ಎಂದಾಗ ಆ ಪದದ ಅರ್ಥ ತಿಳಿಯದವನಿಗೆ ಎಚ್ಚರಿಕೆಯೂ ತಟ್ಟುವುದಿಲ್ಲ. ಕಯಾಕ್ ಕಲಿಸುವವರು ಕನ್ನಡ ಬಲ್ಲ ಮಕ್ಕಳಿಗೆ ಮುಂದಕ್ಕೆ ಹುಟ್ಟು ಹಾಕು, ಹಿಂದಕ್ಕೆ ಹಾಕು, ಎಡಕ್ಕೆ ತಿರುಗಿಸು ಎಂದೇ ಹೇಳಲಿ. ತೋಳಿನ ಬಲವನ್ನಷ್ಟೇ ನಂಬದೆ ಸೊಂಟದಿಂದ ಮೈ ತಿರುಗಿಸಿ ಹುಟ್ಟು ಎಳೆಯುವುದನ್ನು ಕಲಿಸುವಾಗಲೇ ಸೆಳವನ್ನು ಗುರುತಿಸುವುದನ್ನೂ ಕಲಿಸಲಿ, ಅದನ್ನು ಕಲಿಸಲು ಊರಿನ ಅಂಬಿಗರನ್ನು ಗೌರವದಿಂದ ಕರೆಯಲಿ.

ಸೇತುವೆಗಳು ಹೊಳೆಯ ಮೇಲಿಂದ ದಾಟಿಸಿದವು. ಕಯಾಕ್ ನಮ್ಮ ಮಕ್ಕಳನ್ನು ಮತ್ತೆ ನೀರಿನ ಮಟ್ಟಕ್ಕೆ ಇಳಿಸಿದೆ. ಒಲೆಯ ಪಕ್ಕದಲ್ಲಿದ್ದು, ಚೌಡಯ್ಯನ ವಚನದಲ್ಲಿ ಬಾಳಿ, ದಾಸರ ಹಾಡಿನಲ್ಲಿ ಸತ್ಯದ ಸ್ಥಾನ ಪಡೆದ ಪದ ಈಗ ಅವರ ಕೈಗೆ ಬರಬೇಕು. ಮುಂದಿನ ಸಲ ಹೊಳೆಗೆ ಹೋದಾಗ ತೇಲಂಗಿ (ಲೈಫ್ ಜಾಕೆಟ್) ತೊಟ್ಟುಕೊಳ್ಳಿ, ದಂಡೆಯವರನ್ನು ನೀರಿನ ಸ್ಥಿತಿ ಕೇಳಿ ತಿಳಿಯಿರಿ, ಆಮೇಲೆ ಹುಟ್ಟು ಹಾಕಿ. ಮನೆಗೆ ಬಂದು ಹೇಳುವಾಗಲೂ ಹುಟ್ಟು ಹಾಕಿ ಬಂದೆವು ಎಂದೇ ಹೇಳಿ.